ಕೆಂಪಕ್ಕಿ ಅಂತ ನುಂಗಿದ ಕ್ಯಾಪ್ಸೂಲ್: ಉಡುಪಿಯ ಒಂದು ಪ್ರಕರಣ

ಉಡುಪಿಯಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ, ಇಪ್ಪತ್ತೆರಡು ವರ್ಷದಿಂದ. ಈ ಪ್ರಕರಣ ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಷ್ಟ್ರದು. ಬರೆಯಲಾ ಅಂತ ಕೇಳಿದಾಗ ಒಪ್ಪಿದರು. "ಹೆಸರು ಬೇಡ, ಮನೆ ಎಲ್ಲಿ ಅಂತಲೂ ಬೇಡ. ಆದ್ರೆ ಅಂಕೆ ತಪ್ಪಬಾರದು ಮಾರಾಯ" ಅಂದರು. ಹಾಗಾಗಿ ಇಲ್ಲಿರುವ ಅವರ ಅಂಕೆಗಳನ್ನೆಲ್ಲ ಅವರ ರಿಪೋರ್ಟ್ ಫೈಲನ್ನು ಎದುರಿಗೆ ಇಟ್ಟುಕೊಂಡೇ ಬರೆದಿದ್ದೇನೆ.

ಮಾಷ್ಟ್ರಿಗೆ 64 ವರ್ಷ. ಬಿಪಿಗೆ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ, ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್ 20 ಮಿಲಿಗ್ರಾಂ. ಎರಡೂ ದಿನಕ್ಕೊಂದು. ಶುಗರ್ ಇಲ್ಲ, ಕುಡಿತ ಇಲ್ಲ. ಅವರ ತಂದೆ ಹಾರ್ಟ್ ಅಟ್ಯಾಕ್ ಆಗಿ ಚಿಕ್ಕ ವಯಸ್ಸಿಗೇ ಹೋದವರು, ಅದಕ್ಕೇ ಮಾತ್ರೆಯ ವಿಷಯದಲ್ಲಿ ಬಹಳ ಶಿಸ್ತು. ಮೂರು ವರ್ಷದ ಹಿಂದೆ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 158 ಇತ್ತು. ಮಾತ್ರೆ ಶುರುವಾದ ಮೇಲೆ 96ಕ್ಕೆ ಇಳಿದು ಅಲ್ಲೇ ನಿಂತಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ಮೈಕೈ ನೋವು ಅಂದವರಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಏಪ್ರಿಲ್ ರಜೆಯಿಂದ ಆಟಿ ಅಮಾವಾಸ್ಯೆಯವರೆಗೆ

ಏಪ್ರಿಲ್‌ನಲ್ಲಿ ಅಮೆರಿಕದಿಂದ ಮಗಳು ಬಂದಳು. ಅಪ್ಪನ ಬಗ್ಗೆ ಅವಳಿಗೆ ತುಂಬಾ ಕಾಳಜಿ. ಬರುವಾಗ ಎರಡು ಬಾಟಲಿ ತಂದಳು. ಒಂದು ರೆಡ್ ಈಸ್ಟ್ ರೈಸ್ ಕ್ಯಾಪ್ಸೂಲ್, 600 ಮಿಲಿಗ್ರಾಂನದ್ದು, ದಿನಕ್ಕೆ ಎರಡು. ಇನ್ನೊಂದು ಮಂಡಿನೋವಿಗೆ ಅಂತ ಅರಿಶಿನ ಮತ್ತು ಕರಿಮೆಣಸಿನ ಸಾರದ ಕ್ಯಾಪ್ಸೂಲ್. ಮಾಷ್ಟ್ರು ಮೇ ಮೊದಲ ವಾರದಿಂದ ಎರಡನ್ನೂ ಶುರು ಮಾಡಿದರು. ಹಳೆಯ ಮಾತ್ರೆ ಬಿಡಲಿಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡುವ ಜನವೇ ಅಲ್ಲ ಅವರು. ಆ ಶಿಸ್ತೇ ಇಲ್ಲಿ ತೊಂದರೆಗೆ ದಾರಿಯಾಯಿತು ಅನ್ನುವುದನ್ನು ಬರೆಯುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಜೂನ್ ಕೊನೆಗೆ ಮಾಮೂಲಿ ರಕ್ತ ಪರೀಕ್ಷೆ ಮಾಡಿಸಿದರು. ಎಲ್‌ಡಿಎಲ್ 86. ರಿಪೋರ್ಟ್ ಹಿಡಿದುಕೊಂಡೇ ಅಂಗಡಿಗೆ ಬಂದರು. "ಹತ್ತು ಇಳಿದಿದೆ ನೋಡು!" ನಾನೂ ಖುಷಿಪಟ್ಟೆ. ಅದೇ ಮಾತ್ರೆ, ಅದೇ ಡೋಸ್, ಅದೇ ಊಟ. ಮೂರು ವರ್ಷ 96ರ ಆಸುಪಾಸಿನಲ್ಲೇ ಇದ್ದದ್ದು ಸುಮ್ನೆ ಯಾಕೆ ಇಳಿಯಬೇಕು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಜುಲೈ ಎರಡನೇ ವಾರ ತೊಡೆನೋವು ಶುರುವಾಯಿತು. ಎರಡೂ ತೊಡೆ, ಆಮೇಲೆ ಭುಜ. ಜೋರು ಮಳೆ ಬೇರೆ, ಥಂಡಿಗೆ ಅಂದುಕೊಂಡರು. ಅಮ್ಮ, ಅಂದರೆ ಮಾಷ್ಟ್ರ ಹೆಂಡತಿ, ಎಣ್ಣೆ ಹಚ್ಚಿ ಬಿಸಿನೀರು ಹಾಕಿದರು. ಒಂದು ದಿನ ಶ್ರೀಕೃಷ್ಣ ಮಠದಲ್ಲಿ ಊಟಕ್ಕೆ ಪಂಕ್ತಿಯಲ್ಲಿ ಕೂತವರಿಗೆ ಊಟ ಆದ ಮೇಲೆ ನೆಲದಿಂದ ಏಳಲಿಕ್ಕೇ ಆಗಲಿಲ್ಲ, ಪಕ್ಕದವರು ಕೈ ಹಿಡಿದು ಎಬ್ಬಿಸಬೇಕಾಯಿತು. ನೋವಿಗಿಂತ ಈ ಶಕ್ತಿ ಹೋಗುವುದು ದೊಡ್ಡ ಸೂಚನೆ. ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು, ಕೈ ಎತ್ತಿ ತಲೆ ಬಾಚುವುದು, ಇವೆಲ್ಲ ತೊಡೆ ಮತ್ತು ಭುಜದ ದೊಡ್ಡ ಸ್ನಾಯುಗಳ ಕೆಲಸ. ಕೊಲೆಸ್ಟ್ರಾಲ್ ಮಾತ್ರೆಯಿಂದ ಸ್ನಾಯುವಿಗೆ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ತೊಂದರೆ ಕಾಣುವುದು ಅಲ್ಲೇ, ದೇಹದ ಎರಡೂ ಬದಿಗೆ ಒಟ್ಟಿಗೆ.

ಆ ವಾರ ಅವರು ನೋವಿನ ಮುಲಾಮು ಕೇಳಿಕೊಂಡು ಅಂಗಡಿಗೆ ಬಂದರು. ನಾನು ಕೇಳಿದೆ, "ಸಾರ್, ಹೊಸದಾಗಿ ಏನಾದರೂ ಮದ್ದು ಶುರು ಮಾಡಿದ್ದೀರಾ?"

"ಇಲ್ಲ ಮಾರಾಯ, ಅದೇ ಎರಡು."

ನಾನು ಕೇಳಿದ ಪ್ರಶ್ನೆಗೆ ಅವರ ಉತ್ತರ ಸರಿಯೇ ಇತ್ತು. ಅವರ ಲೆಕ್ಕದಲ್ಲಿ ಮದ್ದು ಅಂದರೆ ಡಾಕ್ಟರ ಚೀಟಿಯಲ್ಲಿ ಇರುವಂಥದ್ದು. ಮಗಳು ತಂದದ್ದು ಮದ್ದಲ್ಲ. ನಾನು ಮುಲಾಮು ಕೊಟ್ಟು, ವಾರದಲ್ಲಿ ಕಡಿಮೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ ಅಂದು ಕಳಿಸಿದೆ. ಮನೆಯಲ್ಲಿ ಹಿಂದೆಂದೋ ಹಲ್ಲುನೋವಿಗೆ ಬರೆಸಿ ಉಳಿದಿದ್ದ ನೋವಿನ ಮಾತ್ರೆಗಳನ್ನೂ ಅವರು ಐದಾರು ದಿನ ನುಂಗಿದರಂತೆ. ಅದು ಗೊತ್ತಾದದ್ದು ಆಮೇಲೆ.

ಆಟಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿದರು. "ಇವರಿಗೆ ಮೂತ್ರ ಹಾಲು ಹಾಕದ ಚಹಾದ ಹಾಗೆ ಬರ್ತಾ ಉಂಟು ಮಗಾ. ನಿನ್ನೆ ಹಾಲೆ ಕೆತ್ತೆಯ ಕಷಾಯ ಕುಡಿದದ್ದು, ಅದಕ್ಕೇ ಇರ್ಬೇಕಲ್ವಾ?"

ಊರಿನ ಹೊರಗಿನವರಿಗೆ ಒಂದು ಮಾತು. ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಮನೆಗಳಲ್ಲಿ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇದೆ. ಬಹಳ ಕಹಿ. ಮರುದಿನ ಏನಾದರೂ ಹೆಚ್ಚುಕಮ್ಮಿ ಆದರೆ ಎಲ್ಲರೂ ಮೊದಲು ನೆನೆಯುವುದು ಆ ಕಷಾಯವನ್ನೇ. ಆದರೆ ಮೂರು ವಾರದ ತೊಡೆನೋವಿಗೆ ನಿನ್ನೆಯ ಕಷಾಯ ಕಾರಣ ಆಗಲು ಸಾಧ್ಯ ಇಲ್ಲ, ಅಲ್ವಾ? ತೊಡೆನೋವಿನ ಜೊತೆ ಚಹಾದ ಬಣ್ಣದ ಮೂತ್ರ ಅಂದರೆ ಸ್ನಾಯು ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಕಿಡ್ನಿಯ ದಾರಿಯಾಗಿ ಹೊರಗೆ ಹೋಗುತ್ತಿದೆ ಅಂತ ಅನುಮಾನ ಪಡಬೇಕು. "ಅಮ್ಮ, ಈಗಲೇ ಆಸ್ಪತ್ರೆಗೆ ಹೊರಡಿ. ರಾತ್ರಿ ಮಾತ್ರೆ ಕೊಡಬೇಡಿ" ಅಂದೆ.

ಗಂಜಿಯ ಜೊತೆ ಬಂದ ಪ್ರಶ್ನೆ

ಆಸ್ಪತ್ರೆಯಲ್ಲಿ ಮಾಡಿದ ಮೊದಲ ರಕ್ತ ಪರೀಕ್ಷೆಯಲ್ಲಿ ಸಿಕೆ 6,840. ಸಿಕೆ ಅಂದರೆ ಸ್ನಾಯುವಿನೊಳಗೆ ಇರಬೇಕಾದ ಕಿಣ್ವ. ರಕ್ತದಲ್ಲಿ ಅದು ಸುಮಾರು 200ರ ಒಳಗೆ ಇರಬೇಕು, ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಇವರದು ಮೂವತ್ತು ಪಟ್ಟಿಗಿಂತ ಜಾಸ್ತಿ. ಕ್ರಿಯಾಟಿನಿನ್ 0.9 ಇದ್ದದ್ದು 1.6ಕ್ಕೆ ಏರಿತ್ತು, ಅಂದರೆ ಕಿಡ್ನಿಗೂ ಪೆಟ್ಟು ತಾಗಿತ್ತು. ಎಸ್‌ಜಿಓಟಿ 212, ಎಸ್‌ಜಿಪಿಟಿ 94. ಅದನ್ನು ನೋಡಿ ಮನೆಯವರು ಲಿವರ್ ಹೋಯಿತು ಅಂತ ಹೆದರಿದ್ದರು, ಆದರೆ ಆ ಎರಡು ಕಿಣ್ವ ಸ್ನಾಯುವಿನಲ್ಲೂ ಇರುತ್ತವೆ, ಸ್ನಾಯು ಒಡೆದಾಗ ಅವೂ ಏರುತ್ತವೆ. ಡಾಕ್ಟರು ಅಟೊರ್ವಾಸ್ಟಾಟಿನ್, ಟೆಲ್ಮಿಸಾರ್ಟಾನ್, ನೋವಿನ ಮಾತ್ರೆ ಎಲ್ಲ ನಿಲ್ಲಿಸಿ ಡ್ರಿಪ್ ಹಾಕಿಸಿದರು. ಈ ಸ್ಥಿತಿಗೆ ಮುಖ್ಯ ಚಿಕಿತ್ಸೆ ಅದೇ, ಧಾರಾಳ ನೀರಿನಂಶ ಕೊಟ್ಟು ಕಿಡ್ನಿಯನ್ನು ತೊಳೆಯುತ್ತಾ ಇರುವುದು.

ಅಲ್ಲಿ ಡ್ಯೂಟಿ ಡಾಕ್ಟರೂ ಕೇಳಿದ್ದರು, "ಬೇರೆ ಏನಾದರೂ ಮೆಡಿಸಿನ್ ತಗೊಳ್ತೀರಾ?" ಮಾಷ್ಟ್ರು ಇಲ್ಲ ಅಂದಿದ್ದರು. ಫೈಲಿನಲ್ಲೂ ಹಾಗೇ ಬರೆದಿತ್ತು.

ಎರಡನೇ ದಿನ ಸಂಜೆ ನಾನು ನೋಡಲು ಹೋದೆ. ಗಂಜಿ ಬಂದಿತ್ತು. ಅಮ್ಮ ಚಮಚದಲ್ಲಿ ಕೊಡುತ್ತಾ ನನ್ನನ್ನು ಕೇಳಿದರು, "ಗಂಜಿ ಆಗ್ತದೆ ಅಂತ ಹೇಳಿದ್ದಾರೆ. ಹಾಗಾದ್ರೆ ಆ ಕೆಂಪಕ್ಕಿಯ ಕ್ಯಾಪ್ಸೂಲೂ ಕೊಡ್ಬಹುದಲ್ವಾ ಮಗಾ? ಅದೂ ಅಕ್ಕಿಯೇ ಅಲ್ವಾ?"

ಯಾವ ಕೆಂಪಕ್ಕಿ?

ಮಗಳು ತಂದದ್ದು. ಬಾಟಲಿ ಮೇಲೆ ರೆಡ್ ರೈಸ್ ಅಂತಲೇ ಬರೆದಿದೆಯಂತೆ. ನಮ್ಮಲ್ಲಿ ದಿನಾ ಉಣ್ಣುವುದೇ ಕೆಂಪು ಕುಚ್ಚಲಕ್ಕಿ. ಅದನ್ನೇ ಅಮೆರಿಕದವರು ಒಣಗಿಸಿ ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ್ದಾರೆ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದರು. ಮಧ್ಯದ ಈಸ್ಟ್ ಅನ್ನುವ ಪದ ಯಾರ ಕಣ್ಣಿಗೂ ದೊಡ್ಡದಾಗಿ ಕಂಡಿರಲಿಲ್ಲ. ಗಂಜಿ ಉಣ್ಣುವವರಿಗೆ ಕೆಂಪಕ್ಕಿಯ ಭಯ ಎಲ್ಲಿಂದ ಬರಬೇಕು? ಅಮ್ಮ ಕೇಳಿದ್ದು ಅಷ್ಟು ಸಹಜ ಪ್ರಶ್ನೆ. ಅದನ್ನು ಅವರು ಕೇಳದೆ ಇದ್ದಿದ್ದರೆ ಮಾಷ್ಟ್ರು ಮನೆಗೆ ಹೋಗಿ ಅದನ್ನು ಪುನಃ ಶುರು ಮಾಡುತ್ತಿದ್ದರು. ನಾನು ಬಾಟಲಿ ತರಿಸಿ ಡಾಕ್ಟರ ಕೈಗೆ ಕೊಟ್ಟೆ.

ಬಾಟಲಿಯೊಳಗೆ ಇದ್ದದ್ದು

ನಮ್ಮ ಕುಚ್ಚಲಕ್ಕಿಯ ಕೆಂಪು ಅದರ ತವುಡಿನದು. ರೆಡ್ ಈಸ್ಟ್ ರೈಸ್‌ನ ಕೆಂಪು ಬೇರೆ. ಬೇಯಿಸಿದ ಬಿಳಿ ಅಕ್ಕಿಯ ಮೇಲೆ ಮೊನಾಸ್ಕಸ್ ಅನ್ನುವ ಬೂಷ್ಟನ್ನು ಬೆಳೆಸುತ್ತಾರೆ, ಆ ಬೂಷ್ಟಿನಿಂದ ಅಕ್ಕಿ ಕೆಂಪಾಗುತ್ತದೆ. ಚೀನಾದಲ್ಲಿ ಇದು ಬಹಳ ಹಳೆಯ ಪದಾರ್ಥ, ಅಡುಗೆಗೆ ಬಣ್ಣವಾಗಿಯೂ ಬಳಸುತ್ತಾರೆ. ಆದರೆ ಆ ಬೂಷ್ಟು ಬೆಳೆಯುವಾಗ ಮೊನಾಕೊಲಿನ್ ಕೆ ಅನ್ನುವ ವಸ್ತುವನ್ನೂ ತಯಾರಿಸುತ್ತದೆ. ಮೊನಾಕೊಲಿನ್ ಕೆ ಮತ್ತು ಲೋವಾಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ಒಂದೇ ಅಣು. ಬರೀ ಹೋಲಿಕೆ ಅಲ್ಲ, ರಸಾಯನದ ಲೆಕ್ಕದಲ್ಲಿ ಎರಡೂ ಒಂದೇ.

ಇದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ. ಜಪಾನಿನ ಅಕಿರಾ ಎಂಡೋ 1970ರ ದಶಕದ ಆರಂಭದಲ್ಲಿ ಸಾವಿರಾರು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಅಟೊರ್ವಾಸ್ಟಾಟಿನ್, ಲೋವಾಸ್ಟಾಟಿನ್ ತರಹದ ಕೊಲೆಸ್ಟ್ರಾಲ್ ಮದ್ದುಗಳಿಗೆ ಒಟ್ಟಾಗಿ ಸ್ಟಾಟಿನ್ ಅನ್ನುತ್ತಾರೆ. ಲೋಕದ ಮೊದಲ ಸ್ಟಾಟಿನ್ ಅವರಿಗೆ ಸಿಕ್ಕಿದ್ದು ಕ್ಯೋಟೋದ ಧಾನ್ಯದ ಅಂಗಡಿಯೊಂದರ ಅಕ್ಕಿಯಿಂದ ತೆಗೆದ ಬೂಷ್ಟಿನಲ್ಲಿ. 1979ರಲ್ಲಿ ಅವರೇ ಮೊನಾಸ್ಕಸ್‌ನಿಂದ ಮೊನಾಕೊಲಿನ್ ಕೆ ತೆಗೆದರು. ಅತ್ತ ಅಮೆರಿಕದಲ್ಲಿ ಬೇರೊಂದು ಬೂಷ್ಟಿನಿಂದ ತೆಗೆದ ಲೋವಾಸ್ಟಾಟಿನ್ 1987ರಲ್ಲಿ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು. ಎರಡೂ ಒಂದೇ ವಸ್ತು ಅಂತ ತಿಳಿಯಿತು. ಎಂಡೋ 2024ರಲ್ಲಿ ತೀರಿಕೊಂಡರು. ಅವರ ಕೆಲಸದಿಂದ ಎಷ್ಟು ಜೀವ ಉಳಿದಿದೆಯೋ ಲೆಕ್ಕ ಹಾಕುವುದು ಕಷ್ಟ. ಅಂದರೆ ಸ್ಟಾಟಿನ್ ಹುಟ್ಟಿದ್ದೇ ಅಕ್ಕಿಯ ಬೂಷ್ಟಿನಲ್ಲಿ. ಒಂದು ಪ್ರಕೃತಿಯದು, ಇನ್ನೊಂದು ಕೆಮಿಕಲ್ ಅಂತ ನಾವು ಎಳೆಯುವ ಗೆರೆ ಇಲ್ಲಿ ನಿಲ್ಲುವುದೇ ಇಲ್ಲ.

ಹಾಗಾದರೆ ಮಾಷ್ಟ್ರು ಮೇ ತಿಂಗಳಿಂದ ನುಂಗುತ್ತಿದ್ದದ್ದು ಎರಡು ಸ್ಟಾಟಿನ್. ಚೀಟಿಯದು ಒಂದು, ಬಾಟಲಿಯದು ಒಂದು. ಎರಡೂ ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ಒಂದೇ ಹಂತವನ್ನು ತಡೆಯುತ್ತವೆ. ಯಾವ ಡಾಕ್ಟರೂ ಎರಡು ಸ್ಟಾಟಿನ್ ಒಟ್ಟಿಗೆ ಬರೆಯುವುದಿಲ್ಲ. ಕಾರಣ ಸರಳ. ಸ್ಟಾಟಿನ್ ಡೋಸನ್ನು ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಮೂಲ ಅಂಕೆಯ ಸುಮಾರು 6 ಶೇಕಡಾ ಮಾತ್ರ ಹೆಚ್ಚುವರಿ ಇಳಿಯುತ್ತದೆ. ಲಾಭ ಅಷ್ಟೇ. ಸ್ನಾಯುವಿನ ಅಪಾಯ ಮಾತ್ರ ಏರುತ್ತಾ ಹೋಗುತ್ತದೆ. ಮಾಷ್ಟ್ರಿಗೆ ಇದನ್ನು ವಿವರಿಸಿದಾಗ ಮಂಚದ ಮೇಲೆ ಮಲಗಿಕೊಂಡೇ ಬಾಯಿಲೆಕ್ಕ ಹಾಕಿದರು. 158ರ 6 ಶೇಕಡಾ ಅಂದರೆ ಒಂಬತ್ತೂವರೆ. 96ರಿಂದ 86. "ಹೌದಲ್ಲ ಮಾರಾಯ" ಅಂದು ಸುಮಾರು ಹೊತ್ತು ಸುಮ್ಮನಾದರು.

ಇಷ್ಟೂ ಸಾಲದು ಅಂತ ಬಾಟಲಿಯ ಲೇಬಲ್ ನೋಡಿದರೆ ಮೊನಾಕೊಲಿನ್ ಕೆ ಎಷ್ಟಿದೆ ಅಂತಲೇ ಇಲ್ಲ. ಅಕ್ಕಿಯ ತೂಕ ಮಾತ್ರ ಇದೆ. 2017ರಲ್ಲಿ ಅಮೆರಿಕದ ಅಂಗಡಿಗಳಿಂದ ಕೊಂಡ 28 ಬ್ರಾಂಡ್‌ಗಳನ್ನು ಪರೀಕ್ಷಿಸಿದ ವರದಿ ಬಂತು. ಎರಡರಲ್ಲಿ ಮೊನಾಕೊಲಿನ್ ಕೆ ಸಿಗಲೇ ಇಲ್ಲ, ಉಳಿದವುಗಳಲ್ಲಿ ಕಡಿಮೆ ಇದ್ದದ್ದಕ್ಕೂ ಜಾಸ್ತಿ ಇದ್ದದ್ದಕ್ಕೂ ಅರುವತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಒಂದೇ ಹೆಸರು, ಒಂದೇ ತೂಕ, ಒಳಗೆ ಮಾತ್ರ ಯಾವುದಕ್ಕೂ ಯಾವುದಕ್ಕೂ ಸಂಬಂಧ ಇಲ್ಲ. ಕೆಲವು ಬಾಟಲಿಗಳಲ್ಲಿ ಸಿಟ್ರಿನಿನ್ ಅನ್ನುವ ಕಿಡ್ನಿಗೆ ವಿಷವಾಗುವ ಬೂಷ್ಟಿನ ವಸ್ತುವೂ ಸಿಕ್ಕಿದೆ. ಅಮೆರಿಕದಲ್ಲಿ 1994ರ ಕಾಯಿದೆಯ ಪ್ರಕಾರ ಸಪ್ಲಿಮೆಂಟ್‌ಗಳಿಗೆ ಮಾರುವ ಮುಂಚೆ ಔಷಧಿಯ ಹಾಗೆ ಅನುಮತಿ ಬೇಕಾಗಿಲ್ಲ. ಯುರೋಪ್ 2022ರಲ್ಲಿ ನಿಯಮ ಬಿಗಿ ಮಾಡಿತು. ದಿನದ ಪ್ರಮಾಣದಲ್ಲಿ ಮೊನಾಕೊಲಿನ್ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕು, ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಸೇವಿಸಬಾರದು ಅಂತ ಲೇಬಲ್ಲಿನಲ್ಲೇ ಬರೆಯಬೇಕು. ಆ ಒಂದು ಸಾಲು ಮಾಷ್ಟ್ರ ಬಾಟಲಿಯ ಮೇಲೆ ಇದ್ದಿದ್ದರೆ ಅವರು ಖಂಡಿತ ಮುಟ್ಟುತ್ತಿರಲಿಲ್ಲ. ಲೇಬಲ್ ಓದುವ ಜನ ಅವರು.

ಉಳಿದ ಅನುಮಾನಗಳು

ಡಾಕ್ಟರು ಒಂದೇ ಬಾಟಲಿಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗಲಿಲ್ಲ. ಥೈರಾಯ್ಡ್ ನೋಡಿದರು, ಅದು ಕಡಿಮೆ ಇದ್ದರೆ ಸ್ಟಾಟಿನ್ ಸ್ನಾಯುವಿಗೆ ಜಾಸ್ತಿ ತೊಂದರೆ ಕೊಡುತ್ತದೆ. ಸರಿಯಿತ್ತು. ಜ್ವರ ಬಂದಿತ್ತಾ, ಬಿದ್ದಿದ್ದರಾ, ಹೊಸ ವ್ಯಾಯಾಮ ಶುರು ಮಾಡಿದ್ದರಾ, ಎಲ್ಲಕ್ಕೂ ಇಲ್ಲ. ಆಂಟಿಬಯಾಟಿಕ್ ಏನಾದರೂ? ಕ್ಲಾರಿಥ್ರೋಮೈಸಿನ್ ತರಹದ್ದು ಅಟೊರ್ವಾಸ್ಟಾಟಿನ್ ಜೊತೆ ಸೇರಿದರೆ ಇದೇ ಗತಿ ಆಗಬಹುದು. ಅದೂ ಇಲ್ಲ.

ಆಮೇಲೆ ಅರಿಶಿನ-ಕರಿಮೆಣಸಿನ ಬಾಟಲಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನನ್ನ ಅಂಗಡಿಯಲ್ಲಿ ಈಗ ಹೆಚ್ಚು ಜನ ಕೇಳುವುದು ಇದನ್ನೇ. ಅರಿಶಿನದ ಕರ್ಕ್ಯುಮಿನ್ ಸುಮ್ನೆ ತಿಂದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರಿಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಅದು ಇಪ್ಪತ್ತು ಪಟ್ಟು ಏರುತ್ತದೆ ಅಂತ 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು. ಕ್ಯಾಪ್ಸೂಲ್ ಮಾಡುವವರೆಲ್ಲ ಮೆಣಸು ಸೇರಿಸುವುದು ಅದಕ್ಕೇ. ಆದರೆ ಪೈಪರಿನ್ ಇದನ್ನು ಮಾಡುವುದು ಹೇಗೆ? ಕರುಳು ಮತ್ತು ಲಿವರ್ ಬೇಡದ ವಸ್ತುಗಳನ್ನು ಒಡೆದು ಹೊರಹಾಕುವ ಕೆಲಸವನ್ನು ನಿಧಾನ ಮಾಡಿ. ಆ ಕೆಲಸ ಮಾಡುವ ಕಿಣ್ವಗಳಲ್ಲಿ ಸಿವೈಪಿ3ಎ4 ಅನ್ನುವುದು ಒಂದು, ಪ್ರಯೋಗಾಲಯದಲ್ಲಿ ಪೈಪರಿನ್ ಅದನ್ನು ತಡೆಯುತ್ತದೆ. ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್, ಲೋವಾಸ್ಟಾಟಿನ್ ಮೂರೂ ಹೊರಗೆ ಹೋಗುವುದು ಅದೇ ಕಿಣ್ವದ ಮೂಲಕ. ಹೆಜಮಾಡಿ ಟೋಲ್‌ನಲ್ಲಿ ನಾಲ್ಕು ಲೇನ್ ಮುಚ್ಚಿ ಒಂದೇ ಬಿಟ್ಟರೆ ಹಿಂದೆ ವಾಹನ ಸಾಲುಗಟ್ಟುವ ಹಾಗೆ ಮಾತ್ರೆಯ ಅಂಶ ರಕ್ತದಲ್ಲಿ ಸಾಲುಗಟ್ಟುತ್ತದೆ. ಗ್ರೇಪ್‌ಫ್ರೂಟ್ ಹಣ್ಣಿಗೆ ಕುಖ್ಯಾತಿ ಬಂದದ್ದೂ ಇದೇ ಕಾರಣಕ್ಕೆ. ನಮ್ಮ ಹಿತ್ತಿಲ ಚಕ್ಕೋತ ಅದರ ಹತ್ತಿರದ ಸಂಬಂಧಿ, ಅದರಲ್ಲೂ ಆ ಗುಣದ ಅಂಶಗಳಿವೆ. ಅಪರೂಪಕ್ಕೆ ನಾಲ್ಕು ತೊಳೆ ತಿಂದರೆ ಹೆದರಬೇಕಾಗಿಲ್ಲ, ಸೀಸನ್‌ನಲ್ಲಿ ದಿನಾ ಜ್ಯೂಸ್ ಮಾಡಿ ಕುಡಿಯುವವರು ಮಾತ್ರ ಡಾಕ್ಟರಿಗೆ ಹೇಳಬೇಕು.

ಸಾರಿಗೆ ಹಾಕುವ ಮೆಣಸು, ಪಲ್ಯಕ್ಕೆ ಹಾಕುವ ಅರಿಶಿನ ಈ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಪ್ಸೂಲಿನಲ್ಲಿ ಇರುವುದು ಸಾರ ತೆಗೆದು ಗಟ್ಟಿ ಮಾಡಿದ್ದು. ಅಡುಗೆಮನೆಯ ಹೆಸರು ಇದ್ದ ಮಾತ್ರಕ್ಕೆ ಅಡುಗೆಮನೆಯ ಅಳತೆ ಇರುವುದಿಲ್ಲ.

ಮಾಷ್ಟ್ರ ವಿಷಯದಲ್ಲಿ ಡಾಕ್ಟರು ಕೊನೆಗೆ ಬರೆದದ್ದು ಹೀಗೆ: ಮುಖ್ಯ ಕಾರಣ ಎರಡು ಸ್ಟಾಟಿನ್ ಒಟ್ಟಾದದ್ದು, ಪೈಪರಿನ್ ಅದನ್ನು ಇನ್ನಷ್ಟು ಏರಿಸಿರುವ ಸಾಧ್ಯತೆ ಇದೆ, ಕಿಡ್ನಿಗೆ ನೋವಿನ ಮಾತ್ರೆಯ ಪೆಟ್ಟೂ ಸೇರಿದೆ. ಸಂಭವನೀಯ ಅಂದರು, ನಿಶ್ಚಿತ ಅನ್ನಲಿಲ್ಲ. ನಿಶ್ಚಿತ ಅನ್ನಬೇಕಾದರೆ ಅದೇ ಕ್ಯಾಪ್ಸೂಲನ್ನು ಪುನಃ ಕೊಟ್ಟು ನೋಡಬೇಕು, ಅದನ್ನು ಯಾರು ಮಾಡುತ್ತಾರೆ? ಆದರೆ ಮೂರು ವರ್ಷ ಒಂಟಿಯಾಗಿ ಸುಮ್ಮನಿದ್ದ ಮಾತ್ರೆ, ಬಾಟಲಿ ಸೇರಿದ ಹತ್ತು ವಾರದಲ್ಲಿ ಹೀಗೆ ಮಾಡಿತು ಅನ್ನುವುದು ನನಗಂತೂ ಸಾಕಷ್ಟು ದೊಡ್ಡ ಸಾಕ್ಷಿ. ಪ್ರಕರಣವನ್ನು ಭಾರತದ ಔಷಧ ಅಡ್ಡಪರಿಣಾಮ ನಿಗಾ ಕಾರ್ಯಕ್ರಮಕ್ಕೆ ವರದಿ ಮಾಡಿದರು. ಇದನ್ನು ರೋಗಿಗಳೂ ಮಾಡಬಹುದು, 1800-180-3024 ಅನ್ನುವ ಉಚಿತ ನಂಬರ್ ಇದೆ.

ಐದನೇ ದಿನ ಸಿಕೆ 1,240ಕ್ಕೆ ಇಳಿದು ಮನೆಗೆ ಬಂದರು. ಮೂರು ವಾರದಲ್ಲಿ 168. ಕ್ರಿಯಾಟಿನಿನ್ 1.0.

ಬಿಂಬುಳಿ

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮನೆಗೆ ಬಂದ ಎರಡನೇ ವಾರ ಮಾತಾಡಿಸಲು ಹೋದಾಗ ಅಮ್ಮ ಹಿತ್ತಿಲಿನಿಂದ ಬುಟ್ಟಿ ತುಂಬ ಬಿಂಬುಳಿ ಅನ್ನುವ ಹುಳಿ ಕಾಯಿ ತಂದಿಟ್ಟರು. ಕೊಲೆಸ್ಟ್ರಾಲಿಗೆ ಬಿಂಬುಳಿ ರಸ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಕುಡಿದರೆ ಒಳ್ಳೆಯದು ಅಂತ ನೆಂಟರೊಬ್ಬರು ಹೇಳಿದ್ದಾರೆ. "ಇನ್ನು ಕ್ಯಾಪ್ಸೂಲ್ ಬೇಡ, ಗುಳಿಗೆಯೂ ಬೇಡ. ಇದು ನಮ್ಮ ಹಿತ್ತಿಲಿನದ್ದೇ ಅಲ್ವಾ."

ನನಗೆ ಎದೆ ಧಸಕ್ ಅಂದಿತು. ಬಿಂಬುಳಿಯ ಆ ಹುಳಿಗೆ ಒಂದು ಕಾರಣ ಆಕ್ಸಾಲಿಕ್ ಆಮ್ಲ. ಊಟದಲ್ಲಿ ಎರಡು ಮೂರು ಹೋಳು ಬಂದರೆ ಏನೂ ಆಗುವುದಿಲ್ಲ. ಲೋಟಗಟ್ಟಲೆ ರಸ ಕುಡಿದರೆ ಆ ಆಕ್ಸಲೇಟ್ ಕಿಡ್ನಿಯೊಳಗೆ ಹರಳುಗಟ್ಟಿ ಕೂರುತ್ತದೆ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಸಲು ಅಂತಲೇ ಇದನ್ನು ಕುಡಿಯುವ ಅಭ್ಯಾಸ ಹಬ್ಬಿತ್ತು. ಅಲ್ಲಿ ಕಿಡ್ನಿ ಕೈಕೊಟ್ಟ 10 ಜನರ ವರದಿ 2013ರಲ್ಲಿ ಪ್ರಕಟವಾಯಿತು, ಅವರಲ್ಲಿ 7 ಜನಕ್ಕೆ ಡಯಾಲಿಸಿಸ್ ಬೇಕಾಯಿತು. ಪುಣ್ಯಕ್ಕೆ ಎಲ್ಲರೂ ಚೇತರಿಸಿಕೊಂಡರು. ಮಾಷ್ಟ್ರ ಕಿಡ್ನಿ ಈಗಷ್ಟೇ ಸುಧಾರಿಸಿಕೊಂಡಿತ್ತು. ಅದರ ಮೇಲೆ ಇದು ಬಿದ್ದಿದ್ದರೆ!

ಬೈದು ಹೇಳಲಿಲ್ಲ. ಅಮ್ಮನ ಜೊತೆ ಕೂತು ಮೆಲ್ಲಗೆ ಹೇಳಿದೆ, ಉಪ್ಪಿನಕಾಯಿ ಹಾಕಿ, ಚಟ್ನಿ ಮಾಡಿ, ರಸ ಮಾತ್ರ ಬೇಡ. ಅವರು ಹೆದರಿದ್ದಾರೆ. ಒಂದು ಗುಳಿಗೆಯಿಂದ ಗಂಡ ಆಸ್ಪತ್ರೆ ಸೇರಿದ ಮೇಲೆ ಗುಳಿಗೆಯ ಮೇಲೆ ಯಾರಿಗೆ ನಂಬಿಕೆ ಉಳಿಯುತ್ತದೆ? ಆ ಭಯವನ್ನು ನಾನು ಗೌರವಿಸುತ್ತೇನೆ.

ಆದರೆ ಭಯ ಬೇರೆ ಕಡೆಗೂ ಹರಡಿತು. ಸುದ್ದಿ ಕೇಳಿದ ಇಬ್ಬರು ಗಿರಾಕಿಗಳು ತಮ್ಮ ಸ್ಟಾಟಿನ್ ನಿಲ್ಲಿಸುತ್ತೇವೆ ಅಂತ ಬಂದರು. ಒಬ್ಬರಿಗೆ ಸ್ಟೆಂಟ್ ಹಾಕಿ ಒಂದೂವರೆ ವರ್ಷ ಆಗಿದೆ ಅಷ್ಟೇ! ಅವರನ್ನು ಕೂರಿಸಿ ಹೇಳಿದೆ, ಇಷ್ಟು ಗಂಭೀರವಾಗಿ ಸ್ನಾಯು ಒಡೆಯುವುದು ಬಹಳ ಅಪರೂಪ, ಸ್ಟಾಟಿನ್ ಒಂಟಿಯಾಗಿ ಇದ್ದಾಗ ಇನ್ನೂ ಅಪರೂಪ. ಸಣ್ಣಪುಟ್ಟ ನೋವಿನ ಬಗ್ಗೆ 2020ರಲ್ಲಿ ಇಂಗ್ಲೆಂಡಿನಿಂದ ಒಂದು ಒಳ್ಳೆಯ ಅಧ್ಯಯನ ಬಂತು. ಅಡ್ಡಪರಿಣಾಮ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಮದ್ದೇ ಇಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಕೊಟ್ಟು ನೋಡಿದರು. ನಿಜವಾದ ಮಾತ್ರೆಯಲ್ಲಿ ಆದ ತೊಂದರೆಯ 90 ಶೇಕಡಾ ಮದ್ದಿಲ್ಲದ ಮಾತ್ರೆಯಲ್ಲೂ ಆಗಿತ್ತು. ಅವರ ನೋವು ಸುಳ್ಳು ಅಂತ ಅಲ್ಲ. ಆದರೆ ಹೆಚ್ಚಿನ ಸಲ ಅದಕ್ಕೆ ಕಾರಣ ಸ್ಟಾಟಿನ್ ಅಲ್ಲ.

ಸಪ್ಲಿಮೆಂಟ್‌ನಿಂದ ಕೊಲೆಸ್ಟ್ರಾಲ್ ಎಷ್ಟು ಇಳಿಯುತ್ತದೆ ಅಂತ ಕೇಳುವವರಿಗೆ 2022ರ ಇನ್ನೊಂದು ಅಧ್ಯಯನ ಹೇಳುತ್ತೇನೆ. ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ರೆಡ್ ಈಸ್ಟ್ ರೈಸ್, ಈ ಆರನ್ನೂ 28 ದಿನ ರೋಸುವಾಸ್ಟಾಟಿನ್ 5 ಮಿಲಿಗ್ರಾಂ ಎದುರು ನಿಲ್ಲಿಸಿದರು. ಆ ಸಣ್ಣ ಮಾತ್ರೆ ಎಲ್‌ಡಿಎಲ್ಲನ್ನು ಸುಮಾರು 38 ಶೇಕಡಾ ಇಳಿಸಿತು. ಆರರಲ್ಲಿ ಒಂದೂ ಮದ್ದಿಲ್ಲದ ಮಾತ್ರೆಗಿಂತ ಹೇಳಿಕೊಳ್ಳುವಷ್ಟು ಮುಂದೆ ಹೋಗಲಿಲ್ಲ.

ಈಗ

ಆರು ವಾರ ಬಿಟ್ಟು ಡಾಕ್ಟರು ಅದೇ ರೋಸುವಾಸ್ಟಾಟಿನ್ 5 ಮಿಲಿಗ್ರಾಂ ಶುರು ಮಾಡಿದರು. ಇದು ಸಿವೈಪಿ3ಎ4 ದಾರಿಯಲ್ಲಿ ಹೋಗುವುದಿಲ್ಲ ಅನ್ನುವುದು ಆಯ್ಕೆಗೆ ಒಂದು ಕಾರಣ. ಮೂರು ತಿಂಗಳಿಗೆ ಎಲ್‌ಡಿಎಲ್ 99, ಸಿಕೆ 150. ಮಾಷ್ಟ್ರು ಮಠದ ಪಂಕ್ತಿಯಲ್ಲಿ ಕೂತು ತಾವೇ ಏಳುತ್ತಾರೆ. ಮಗಳು ಅಲ್ಲಿಂದ ಫೋನ್ ಮಾಡಿ ಅತ್ತಳು. ಅವಳದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ, ಅವಳಿಗೂ ಹಾಗೇ ಹೇಳಿದೆ. ಚೀಟಿ ಇಲ್ಲದೆ, ವಿಟಮಿನ್ ಮಾತ್ರೆಗಳ ಪಕ್ಕದಲ್ಲೇ ಸಿಗುವ ಬಾಟಲಿಯೊಳಗೆ ಅಪ್ಪನ ಮಾತ್ರೆಯ ಸೋದರನೇ ಕೂತಿದ್ದಾನೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ನನ್ನ ಅಂಗಡಿಯಲ್ಲಿ ಒಂದು ಬದಲಾಗಿದೆ. "ಬೇರೆ ಮದ್ದು ಏನಾದರೂ ಇದೆಯಾ" ಅಂತ ನಾನು ಈಗ ಕೇಳುವುದಿಲ್ಲ. "ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಊಟ ಬಿಟ್ಟು ಬಾಯಿಗೆ ಏನೇನು ಹಾಕ್ತೀರಿ?" ಅಂತ ಕೇಳುತ್ತೇನೆ. ಪುಡಿ, ಕಷಾಯ, ಲೇಹ್ಯ, ಜ್ಯೂಸ್, ವಿದೇಶದಿಂದ ಬಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲ. ಮೊದಲು ಯಾರೂ ಹೇಳದಿದ್ದ ಎಷ್ಟೋ ಸಂಗತಿ ಈಗ ತಾನಾಗಿ ಹೊರಬರುತ್ತವೆ.

ಮಾಷ್ಟ್ರಿಗೂ ಇದೇ ಪ್ರಶ್ನೆ ಕೇಳಿ, ಬರೆದು ಕೊಡಿ ಅಂದಿದ್ದೆ. ಮರುದಿನ ಗಣಿತದ ನೋಟ್ಸಿನ ಹಾಗೆ ಗೆರೆ ಎಳೆದು, ಹೊತ್ತು, ಹೆಸರು, ಅಳತೆ ಅಂತ ಮೂರು ಕಾಲಂ ಮಾಡಿ ತಂದರು. ಒಂಬತ್ತು ಸಾಲು. ಚೀಟಿಯಲ್ಲಿ ಇದ್ದದ್ದು ಎರಡೇ. ಮಲಗುವ ಮುಂಚೆ ಇಸಬ್‌ಗೋಲ್, ಒಂದು ಚಮಚ. ಮಧ್ಯಾಹ್ನ ಪುನರ್ಪುಳಿ ಶರಬತ್ತು, ಒಂದು ಲೋಟ. ಆರನೇ ಸಾಲಿನಲ್ಲಿ ರಾತ್ರಿ ಒಂಬತ್ತಕ್ಕೆ ರೋಸುವಾಸ್ಟಾಟಿನ್, ಏಳನೇ ಸಾಲಿನಲ್ಲಿ ಒಂಬತ್ತೂಕಾಲಿಗೆ ಗ್ಯಾಸ್ಟ್ರಿಕ್ಕಿನ ಗುಲಾಬಿ ಬಣ್ಣದ ಔಷಧಿ, ಎರಡು ಚಮಚ. ಅಲ್ಯೂಮಿನಿಯಂ-ಮೆಗ್ನೀಷಿಯಂ ಇರುವ ಆ ಔಷಧಿಯನ್ನು ಒಟ್ಟಿಗೆ ಕುಡಿದರೆ ರೋಸುವಾಸ್ಟಾಟಿನ್ ರಕ್ತಕ್ಕೆ ಸೇರುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಾತ್ರೆ ಆದ ಮೇಲೆ ಎರಡು ಗಂಟೆ ಬಿಡಬೇಕು. ಇಸಬ್‌ಗೋಲನ್ನೂ ಮಾತ್ರೆಯಿಂದ ದೂರ ಇಡುವುದೇ ಒಳ್ಳೆಯದು. ನಾನು ಕೆಂಪು ಪೆನ್ನಿನಲ್ಲಿ ಮಾತ್ರೆಯ ಒಂಬತ್ತನ್ನು ಹೊಡೆದು ಸಂಜೆ ಆರು ಅಂತ ತಿದ್ದಿದೆ.

ಮಾಷ್ಟ್ರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಒಂದು ತಪ್ಪು ಅಷ್ಟೇ ಅಲ್ವಾ?" ಅಂದರು. ಒಂದೇ ಸಾರ್, ಅಂದೆ.